ವಿದ್ಯುತ್ ಹೋಗಿ ಬಂದ ಮೇಲೆ ಲೆಕ್ಕಪತ್ರ ಎಲ್ಲಿಗೆ ಹೋಯಿತು?
ಲಿನಕ್ಸ್ ಜಾಲದ ಕಡತ ವ್ಯವಸ್ಥೆಯಲ್ಲಿ ದೋಷ ಪತ್ತೆ ಹಚ್ಚುವ ಬಗೆ

ಲೋಕಾಪುರದ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿಯೂ ಕಾಣಸಿಗುತ್ತದೆ. ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ ವಿಜ್ಞಾನಿಗಳು ‘ಲೋಕಾಪುರ ಉಪಸಮೂಹ’ ಎಂದೇ ಹೆಸರಿಟ್ಟಿದ್ದಾರೆ. ಈ ಭಾಗದ ಸುಣ್ಣದಕಲ್ಲು ಹಾಗೂ ಡಾಲೊಮೈಟ್ ಕಲ್ಲನ್ನು ನೆಚ್ಚಿಕೊಂಡು ನಡೆಯುವ ಚಿಕ್ಕ ಕಾರ್ಖಾನೆಯೊಂದರಲ್ಲಿ 2022ರ ಮೇ ತಿಂಗಳಿನಲ್ಲಿ ನಡೆದ ಸಂಗತಿಯೇ ಈ ಲೇಖನಕ್ಕೆ ಕಾರಣ. ಕಾರ್ಖಾನೆಯ ಹೆಸರು ಇಲ್ಲಿ ಅನಗತ್ಯ. ಅಲ್ಲಿ ಆದದ್ದು ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಯ ಗದ್ದಿಯಲ್ಲಿಯೂ, ಮಹಾಲಿಂಗಪುರದ ಬೆಲ್ಲದ ಅಡತಿಯಲ್ಲಿಯೂ, ಜಮಖಂಡಿಯ ಬಿಡಿಭಾಗಗಳ ಅಂಗಡಿಯಲ್ಲಿಯೂ ಯಾವ ದಿನವಾದರೂ ಆಗಬಹುದಾದದ್ದು.

ಆ ಕಾರ್ಖಾನೆಯಲ್ಲಿ ಮೂರು ಗಣಕಯಂತ್ರಗಳಿದ್ದವು. ಒಳಕೋಣೆಯಲ್ಲಿ ಒಂದು ಸರ್ವರ್, ಕಚೇರಿಯಲ್ಲಿ ದಿವಾನಜಿಯವರ ಮೇಜಿನ ಮೇಲೆ ಒಂದು, ಗೇಟಿನ ಬಳಿ ವಾಹನ ತೂಗುವ ಕಾಟಾದ ಕೋಣೆಯಲ್ಲಿ ಇನ್ನೊಂದು. ಮೂರರಲ್ಲಿಯೂ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇತ್ತು. ಬಿಲ್ಲು, ಖಾತೆ, ಕಾಟಾ ಚೀಟಿ ಇವೆಲ್ಲ ಸರ್ವರಿನ ಒಂದೇ ಫೋಲ್ಡರಿನಲ್ಲಿ ಸಂಗ್ರಹವಾಗುತ್ತಿದ್ದವು. ಉಳಿದೆರಡು ಯಂತ್ರಗಳು ನೆಟ್‌ವರ್ಕ್ ಫೈಲ್ ಸಿಸ್ಟಂ ಎಂಬ ವ್ಯವಸ್ಥೆಯ ಮೂಲಕ, ಅಂದರೆ ರೂಢಿಯಲ್ಲಿ ಎನ್‌ಎಫ್‌ಎಸ್ ಎನ್ನುವುದರ ಮೂಲಕ, ಆ ಫೋಲ್ಡರನ್ನು ತಮ್ಮದೇ ಎಂಬಂತೆ ಬಳಸುತ್ತಿದ್ದವು. ಲೈಸೆನ್ಸಿನ ಖರ್ಚಿಲ್ಲ, ವೈರಸ್ಸಿನ ಕಾಟ ಕಡಿಮೆ ಎಂಬ ಕಾರಣಕ್ಕೆ ಮಾಲೀಕರು ಇದನ್ನು ಒಪ್ಪಿಕೊಂಡಿದ್ದರು. ನಾಲ್ಕು ವರ್ಷ ಯಾವ ತೊಂದರೆಯೂ ಇರಲಿಲ್ಲ. ಅದರ ನಿರ್ವಹಣೆಯ ಹೊಣೆ ನನ್ನದಾಗಿತ್ತು.

ಮೂವತ್ತೇಳು ಬಿಲ್ಲುಗಳು

ಮೇ ತಿಂಗಳ ಒಂದು ಸಂಜೆ ಗಾಳಿಯೊಡನೆ ಅಡ್ಡಮಳೆ ಬಂದು ವಿದ್ಯುತ್ ಕಡಿತವಾಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಕೆಲವೇ ನಿಮಿಷಗಳಲ್ಲಿ ಸರ್ವರ್ ಆರಿತು. ರಾತ್ರಿ ವಿದ್ಯುತ್ ಮರಳಿದಾಗ ಸರ್ವರ್ ಹಾಗೂ ಕಾಟಾದ ಯಂತ್ರ ಎರಡೂ ತಾವಾಗಿಯೇ ಚಾಲೂ ಆದವು. ರಾತ್ರಿ ಪಾಳಿಯ ಲಾರಿಗಳು ನಿಂತಿದ್ದವು. ಕಾಟಾದ ಹುಡುಗ ತೂಕ ಮಾಡಿ ಬಿಲ್ಲು ಕೊಡಲು ಆರಂಭಿಸಿದ. ಮರುದಿನವೂ ಕೊಟ್ಟ. ಕಚೇರಿಯ ದಿವಾನಜಿಯವರಿಗೆ ಮಾತ್ರ ತಮ್ಮ ಪರದೆಯ ಮೇಲೆ ಕಾಟಾದ ಒಂದು ಬಿಲ್ಲೂ ಕಾಣಲಿಲ್ಲ. ಹುಡುಗ ಬಿಲ್ಲು ಹಾಕದೆ ಬರೀ ಚೀಟಿ ಬರೆದು ಕಳಿಸುತ್ತಿದ್ದಾನೆ ಎಂದು ಭಾವಿಸಿ ಅವರು ಸಂಜೆ ಗೇಟಿಗೆ ಹೋಗಿ ಗದರಿಸಿದರು. ಹುಡುಗ ಪರದೆಯ ಮೇಲೆ ಬಿಲ್ಲುಗಳನ್ನು ತೋರಿಸಿದ. ಇಬ್ಬರಿಗೂ ಗೊಂದಲವಾಗಿ, ಯಂತ್ರಕ್ಕೆ ಏನೋ ಆಗಿದೆ ಎಂದು ಅದನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿದರು. ಈ ಸಲ ಹಳೆಯ ಖಾತೆಗಳೆಲ್ಲ ಬಂದವು. ಎರಡು ದಿನಗಳ ಬಿಲ್ಲುಗಳು ಮಾಯವಾದವು.

“ಸರ್, ಮೊದಲಿಂದು ಎಲ್ಲಾ ಐತ್ರಿ, ನಿನ್ನಿದು ಇವತ್ತಿಂದು ಅಷ್ಟ ಹ್ವಾದುವು. ನಮ್ಮ ಕಣ್ಣ ಮುಂದ ಇದ್ದುವ್ರಿ” ಎಂದು ದಿವಾನಜಿಯವರು ದೂರವಾಣಿಯಲ್ಲಿ ಹೇಳಿದಾಗ ಅವರ ಧ್ವನಿಯಲ್ಲಿ ನಡುಕವಿತ್ತು. ಮಾಲೀಕರು ಅದೇ ರಾತ್ರಿ ಬೇರೊಬ್ಬರನ್ನು ಕರೆಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿ ಎಲ್ಲವನ್ನೂ ಹೊಸದಾಗಿ ಹಾಕಿಸುವ ವಿಚಾರದಲ್ಲಿದ್ದರು. ಹಾಗೆ ಮಾಡಿದ್ದರೆ ಆ ಮೂವತ್ತೇಳು ಬಿಲ್ಲುಗಳು ನಿಜವಾಗಿಯೂ ನಾಶವಾಗುತ್ತಿದ್ದವು. ಏನನ್ನೂ ಮುಟ್ಟಬೇಡಿ, ಕಾಟಾದ ಯಂತ್ರವನ್ನು ಬಳಸಬೇಡಿ, ಬೆಳಗಿನವರೆಗೆ ಕೈಬರಹದ ಚೀಟಿ ಕೊಡಿ ಎಂದು ಬೇಡಿಕೊಂಡು ನಾನು ಮರುದಿನ ಮೊದಲ ಬಸ್ಸಿಗೆ ಹೊರಟೆ.

ಖಾಲಿ ಕೋಣೆ ಮತ್ತು ಅದರ ಮೇಲಿನ ಹೊದಿಕೆ

ಯುನಿಕ್ಸ್ ಹಾಗೂ ಅದನ್ನು ಹೋಲುವ ಲಿನಕ್ಸಿನಲ್ಲಿ ಬೇರೆ ಯಂತ್ರದ ಫೋಲ್ಡರನ್ನು ನಮ್ಮ ಯಂತ್ರದಲ್ಲಿ ತೋರಿಸಬೇಕಾದರೆ ಮೊದಲು ನಮ್ಮಲ್ಲಿಯೇ ಒಂದು ಖಾಲಿ ಫೋಲ್ಡರ್ ಇರಬೇಕು. ಸರ್ವರಿನ ಫೋಲ್ಡರನ್ನು ತಂದು ಅದರ ಮೇಲೆ ಕೂರಿಸಲಾಗುತ್ತದೆ. ಇದಕ್ಕೆ ‘ಮೌಂಟ್’ ಮಾಡುವುದು ಎನ್ನುತ್ತಾರೆ. ಕೂರಿಸಿದ ಮೇಲೆ ನಮಗೆ ಕಾಣುವುದು ಸರ್ವರಿನ ಕಡತಗಳು ಮಾತ್ರ. ಕೆಳಗಿನ ಸ್ಥಳೀಯ ಫೋಲ್ಡರ್ ಇದ್ದಲ್ಲಿಯೇ ಇರುತ್ತದೆ, ಆದರೆ ಮರೆಯಾಗಿರುತ್ತದೆ. ನೆಲದ ಮೇಲೆ ಜಮಖಾನ ಹಾಸಿದ ಮೇಲೆ ನೆಲ ಕಾಣದಂತಾಗುವುದಲ್ಲವೇ, ಹಾಗೆ.

ತೊಂದರೆ ಇರುವುದು ಜಮಖಾನ ಹಾಸದೇ ಉಳಿದ ದಿನ. ಯಂತ್ರ ಚಾಲೂ ಆಗುವಾಗ ಸರ್ವರ್ ಸಿಗದಿದ್ದರೆ ಮೌಂಟ್ ಆಗುವುದಿಲ್ಲ. ಆದರೆ ಅದೇ ಹೆಸರಿನ ಖಾಲಿ ಫೋಲ್ಡರ್ ಅಲ್ಲಿ ಇದ್ದೇ ಇರುತ್ತದೆ. ಬಿಲ್ಲಿನ ತಂತ್ರಾಂಶಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಫೋಲ್ಡರ್ ಇದೆ, ಒಳಗೆ ಕಡತವಿಲ್ಲ, ಆದ್ದರಿಂದ ಇದು ಹೊಸ ಅಂಗಡಿ ಇರಬೇಕೆಂದು ತಿಳಿದು ಅದು ಹೊಸ ಕಡತವನ್ನು ಸೃಷ್ಟಿಸಿ ಒಂದನೆಯ ಸಂಖ್ಯೆಯಿಂದ ಬಿಲ್ಲು ಆರಂಭಿಸುತ್ತದೆ. ಆ ರಾತ್ರಿ ಆದದ್ದು ಇದೇ. “ಕಾಕಾ, ಬಿಲ್ ಒಂದರಿಂದ ಚಾಲೂ ಆಗಿದ್ದುವು, ಹೊಸಾದು ಏನರ ಹಾಕ್ಯಾರ ಅನಕೊಂಡ್ನಿ” ಎಂದು ಹುಡುಗ ದಿವಾನಜಿಯವರಿಗೆ ಹೇಳಿದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಯಂತ್ರವನ್ನು ಎರಡನೆಯ ಸಲ ಚಾಲೂ ಮಾಡಿದಾಗ ಸರ್ವರ್ ಸಿದ್ಧವಾಗಿತ್ತು, ಮೌಂಟ್ ಆಯಿತು, ಎರಡು ದಿನಗಳ ಬಿಲ್ಲುಗಳು ಹೊದಿಕೆಯ ಕೆಳಗೆ ಉಳಿದವು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಚಾಲೂ ಆಗುವಾಗ ಯಾವ ಯಾವ ಡಿಸ್ಕ್ ಹಾಗೂ ಫೋಲ್ಡರುಗಳನ್ನು ಮೌಂಟ್ ಮಾಡಬೇಕೆಂಬ ಪಟ್ಟಿ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿರುತ್ತದೆ. ಸರ್ವರ್ ಸಿಗದಿದ್ದಾಗ ಕಾಟಾದ ಯಂತ್ರ ಒಂದೂವರೆ ನಿಮಿಷ ಕಾಯುತ್ತ ನಿಲ್ಲುತ್ತದೆ ಎಂಬ ದೂರು ಬಂದದ್ದರಿಂದ, ಹಿಂದಿನ ವರ್ಷ ಆ ಸಾಲಿಗೆ ‘ನೋಫೇಲ್’ ಎಂಬ ಪದವನ್ನು ನಾನೇ ಸೇರಿಸಿದ್ದೆ. ಮೌಂಟ್ ಆಗದಿದ್ದರೂ ಚಿಂತೆಯಿಲ್ಲ, ಮುಂದೆ ಸಾಗು ಎಂಬುದು ಅದರ ಅರ್ಥ. ಯಂತ್ರ ಬೇಗ ಚಾಲೂ ಆಗತೊಡಗಿತು, ಮಾಲೀಕರೂ ಮೆಚ್ಚಿದರು. ಆ ಒಂದೂವರೆ ನಿಮಿಷದ ಕಾಯುವಿಕೆಯೇ ಬಿಲ್ಲುಗಳಿಗೆ ಇದ್ದ ಕಾವಲು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಬಿಲ್ಲುಗಳನ್ನು ಹೊರತೆಗೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ತಂತ್ರಾಂಶವನ್ನು ಮುಚ್ಚಿ, ‘ಯುಮೌಂಟ್’ ಆದೇಶದಿಂದ ಹೊದಿಕೆಯನ್ನು ತೆಗೆದಾಗ ಕೆಳಗಿನ ಫೋಲ್ಡರಿನಲ್ಲಿ ಎಲ್ಲವೂ ಇದ್ದವು. ಬೇರೆಡೆಗೆ ಪ್ರತಿ ಮಾಡಿಟ್ಟು ಮತ್ತೆ ಮೌಂಟ್ ಮಾಡಿದೆವು. ನಿಜವಾದ ಸಂಕಟ ಅನಂತರದ್ದು. ಆರ್ಥಿಕ ವರ್ಷ ಏಪ್ರಿಲಿನಲ್ಲಿಯೇ ಆರಂಭವಾಗಿದ್ದರಿಂದ 1ರಿಂದ 37ರವರೆಗಿನ ಸಂಖ್ಯೆಯ ಬಿಲ್ಲುಗಳು ಬೇರೆ ಗ್ರಾಹಕರಿಗೆ ಆಗಲೇ ಹೋಗಿದ್ದವು. ಈಗ ಅದೇ ಸಂಖ್ಯೆಯ ಮೂವತ್ತೇಳು ಬಿಲ್ಲುಗಳು ಮತ್ತೆ ಹೊರಗಿದ್ದವು.

2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳಲ್ಲಿ 46ನೆಯದು ಬಿಲ್ಲಿನ ಸ್ವರೂಪವನ್ನು ಹೇಳುತ್ತದೆ. ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರಗಳನ್ನು ಮೀರಬಾರದು, ಒಂದು ಆರ್ಥಿಕ ವರ್ಷದಲ್ಲಿ ಒಂದು ಸಂಖ್ಯೆ ಒಮ್ಮೆ ಮಾತ್ರ ಬರಬೇಕು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಮಾಡಬೇಕಾದ್ದರಿಂದ ದೊಡ್ಡ ಲೋಡುಗಳಲ್ಲಿ ಸಂಖ್ಯೆಯನ್ನು ಇನ್ನೊಮ್ಮೆ ನೋಡುವ ಸಂದರ್ಭ ತಾನಾಗಿ ಬರುತ್ತದೆ. ಈ ಮೂವತ್ತೇಳೂ ಹತ್ತಿರದ ಊರುಗಳಿಗೆ ಹೋದ ಚಿಕ್ಕ ಲೋಡುಗಳು; ಹೊರಗಿನ ಯಾವ ತಪಾಸಣೆಗೂ ಅವು ಸಿಗಲಿಲ್ಲ. ತಿಂಗಳ ವಿವರಪಟ್ಟಿ ಸಲ್ಲಿಸುವ ಮುನ್ನ ಗೊತ್ತಾದದ್ದು ಅದೃಷ್ಟ. ಗೊತ್ತಾಗದಿದ್ದರೆ ಕೊಂಡವರ ಲೆಕ್ಕದಲ್ಲಿ ಇರುವ ಬಿಲ್ಲು ನಮ್ಮ ಲೆಕ್ಕದಲ್ಲಿ ಇಲ್ಲದೆ, ಅವರ ತೆರಿಗೆ ಜಮೆಗೆ ತಡೆ ಬರುತ್ತಿತ್ತು. ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾದಿಡಬೇಕೆಂದು ಕಾಯಿದೆಯ 36ನೆಯ ಕಲಮು ಹೇಳುವುದರಿಂದ, ‘ಗಣಕಯಂತ್ರ ತಿಂದು ಹಾಕಿತು’ ಎಂಬ ಸಬೂಬಿಗೆ ಅಲ್ಲಿ ಜಾಗವಿಲ್ಲ.

ಈ ವ್ಯವಸ್ಥೆ ಬಂದ ಬಗೆ

1990ರ ದಶಕದಲ್ಲಿ ಬ್ಯಾಂಕಿನ ಕೌಂಟರುಗಳಲ್ಲಿ ಹಸಿರು ಅಕ್ಷರದ ಪರದೆಗಳನ್ನು ಕಂಡ ಹಿರಿಯ ಸದಸ್ಯರಿಗೆ ಯುನಿಕ್ಸ್ ಅಪರಿಚಿತವಲ್ಲ. ಅಂತಹ ವ್ಯವಸ್ಥೆಯಲ್ಲಿ ಲೆಕ್ಕವೆಲ್ಲ ಒಂದೇ ಯಂತ್ರದಲ್ಲಿರುತ್ತಿತ್ತು; ಮೇಜಿನ ಮೇಲಿನದು ಬರೀ ಪರದೆ ಮತ್ತು ಕೀಲಿಮಣೆ. ಸರ್ವರ್ ನಿಂತರೆ ಎಲ್ಲವೂ ನಿಲ್ಲುತ್ತಿತ್ತು. ಅರ್ಧ ನಡೆದು ಮೋಸವಾಗುವ ಸಂಭವ ಇರಲಿಲ್ಲ. ಮೇಜಿನ ಯಂತ್ರಕ್ಕೂ ತನ್ನದೇ ಡಿಸ್ಕ್, ತನ್ನದೇ ಬುದ್ಧಿ ಬಂದ ಮೇಲೆ ಕಡತಗಳನ್ನು ಹಂಚಿಕೊಳ್ಳುವ ದಾರಿ ಬೇಕಾಯಿತು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಎನ್‌ಎಫ್‌ಎಸ್ ರೂಪಿಸಿದ್ದು ಇದಕ್ಕಾಗಿ. ಆ ಸಂಸ್ಥೆ 2010ರಲ್ಲಿ ಒರೇಕಲ್‌ನಲ್ಲಿ ವಿಲೀನವಾಯಿತು, ಅದು ರೂಪಿಸಿದ ವ್ಯವಸ್ಥೆ ಉಳಿದಿದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಸಹ ಅದನ್ನು ತನ್ನದಾಗಿಸಿಕೊಂಡಿದೆ.

ಮೇಜಿನ ಮೇಲೆ ವಿಂಡೋಸ್ ಇರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇದರ ಬದಲು ‘ಸಾಂಬಾ’ ಬಳಕೆಯಲ್ಲಿರುತ್ತದೆ. ಅಲ್ಲಿ ಆದೇಶಗಳು ಬೇರೆ. ತಂತಿ, ವಿಳಾಸ, ವಿದ್ಯುತ್ತಿನ ಬಗ್ಗೆ ಇಲ್ಲಿ ಹೇಳುವ ಮಾತುಗಳು ಅಲ್ಲಿಗೂ ಸಲ್ಲುತ್ತವೆ.

ಮೇಜಿನ ಯಂತ್ರದಲ್ಲಿ ಕಡತ ಕಾಣದಿದ್ದಾಗ

ಕಡತ ಕಾಣದಿದ್ದರೆ ಅದು ನಾಶವಾಗಿದೆ ಎಂದು ಗಾಬರಿಯಾಗುವುದು ಸಹಜ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಕಡತ ಸರ್ವರಿನಲ್ಲಿ ಸುರಕ್ಷಿತವಾಗಿರುತ್ತದೆ, ನಡುವಿನ ಕೊಂಡಿ ಮಾತ್ರ ಕಳಚಿರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಬರೆಯುವುದನ್ನು ನಿಲ್ಲಿಸುವುದು. ಅನಂತರ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ನೋಡುತ್ತ ಬರಬೇಕು.

ಮೊದಲನೆಯದು ಯಂತ್ರಗಳ ತಂತಿಗಳು ಬಂದು ಸೇರುವ ಸ್ವಿಚ್ ಪೆಟ್ಟಿಗೆ. ಸರ್ವರಿಗೆ ಯುಪಿಎಸ್ ಕೊಟ್ಟು ಈ ಐದು ಅಥವಾ ಎಂಟು ಕಿಂಡಿಯ ಪೆಟ್ಟಿಗೆಯನ್ನು ನೇರ ವಿದ್ಯುತ್ತಿಗೆ ಸಿಕ್ಕಿಸಿರುವುದನ್ನು ಎಷ್ಟು ಅಂಗಡಿಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ. ವಿದ್ಯುತ್ ಹೋದಾಗ ಸರ್ವರ್ ಜೀವಂತವಿದ್ದರೂ ಅದನ್ನು ತಲುಪುವ ದಾರಿಯೇ ಮುಚ್ಚಿರುತ್ತದೆ. ಪೆಟ್ಟಿಗೆಯಲ್ಲಿ ಆಯಾ ತಂತಿಯ ದೀಪ ಉರಿಯುತ್ತಿದೆಯೇ ಎಂದು ನೋಡಲು ತಂತ್ರಜ್ಞರು ಬೇಕಾಗಿಲ್ಲ. ಕಾಟಾದ ಕೋಣೆ ದೂರವಿದ್ದರೆ ಇನ್ನೊಂದು ಮಾತು: ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್. ಅದಕ್ಕಿಂತ ಉದ್ದ ಎಳೆದರೆ ಒಂದು ದಿನ ನಡೆಯುತ್ತದೆ, ಒಂದು ದಿನ ನಡೆಯುವುದಿಲ್ಲ. ಬಯಲಿನಲ್ಲಿ ಎಳೆದ ತಾಮ್ರದ ಕೇಬಲ್ಲು ಸಿಡಿಲಿನ ಹೊಡೆತವನ್ನು ನೇರವಾಗಿ ಸರ್ವರಿಗೆ ತಂದು ಮುಟ್ಟಿಸುವುದೂ ಉಂಟು. ಅಂತಹ ಕಡೆ ಆಪ್ಟಿಕಲ್ ಫೈಬರ್ ಎಳೆಸುವುದು ಲೇಸು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ದೀಪ ಉರಿಯುತ್ತಿದ್ದರೆ ‘ಪಿಂಗ್’ ಆದೇಶದಿಂದ ಸರ್ವರಿನ ವಿಳಾಸಕ್ಕೆ ಕರೆ ಕಳಿಸಬೇಕು. ಉತ್ತರ ಬಂದರೆ ದಾರಿ ಸರಿಯಿದೆ. ಬರದಿದ್ದರೆ ವಿಳಾಸ ಬದಲಾಗಿರಬಹುದು. ಇದು ಹೆಚ್ಚಾಗಿ ಆಗುವುದು ಇಂಟರ್‌ನೆಟ್ಟಿನ ರೌಟರನ್ನು ಬದಲಿಸಿದ ದಿನ. ಹಳೆಯ ರೌಟರ್ 192.168.1 ಎಂಬ ಸಾಲಿನ ವಿಳಾಸಗಳನ್ನು ಹಂಚುತ್ತಿದ್ದರೆ ಹೊಸದು 192.168.0 ಎಂಬ ಸಾಲನ್ನು ಹಂಚಬಹುದು. ಆಗ ಮೇಜಿನ ಯಂತ್ರ ಒಂದು ಓಣಿಯಲ್ಲಿ, ಸರ್ವರ್ ಇನ್ನೊಂದು ಓಣಿಯಲ್ಲಿ ನಿಂತಂತಾಗುತ್ತದೆ. ಸರ್ವರಿನ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ಯಾವ ವಿಳಾಸದವರಿಗೆ ಪ್ರವೇಶ ಎಂದು ಬರೆದಿರುತ್ತದೆ. ವಿಳಾಸದ ಸಾಲು ಬದಲಾದರೆ ಅಲ್ಲಿಯೂ ತಿದ್ದಬೇಕು. ಸರ್ವರಿಗೆ ಎಂದಿಗೂ ಬದಲಾಗದ ವಿಳಾಸ ಕೊಟ್ಟು, ಅದನ್ನು ಗೋಡೆಯ ಮೇಲೆ ಬರೆದಿಡಬೇಕು.

ಪಿಂಗ್ ಉತ್ತರಿಸಿದರೂ ಮೌಂಟ್ ಆಗದಿದ್ದರೆ ಸರ್ವರಿನಲ್ಲಿ ಎನ್‌ಎಫ್‌ಎಸ್ ಸೇವೆ ಚಾಲೂ ಇದೆಯೇ, ಫೈರ್‌ವಾಲ್ ಅದನ್ನು ತಡೆಯುತ್ತಿದೆಯೇ ಎಂದು ನೋಡಬೇಕು. ನಾಲ್ಕನೆಯ ಆವೃತ್ತಿಗೆ 2049 ಎಂಬ ಒಂದೇ ಪೋರ್ಟ್ ತೆರೆದಿದ್ದರೆ ಸಾಕು. ಮೂರನೆಯ ಆವೃತ್ತಿಗೆ 111ನೆಯದು ಹಾಗೂ ಇನ್ನೂ ಕೆಲವು ಬೇಕು. ಹೊಸದಾಗಿ ಹಾಕಿಸುವವರು ನಾಲ್ಕನೆಯದನ್ನೇ ಆರಿಸಿಕೊಳ್ಳಲು ಇಷ್ಟು ಕಾರಣ ಸಾಕು.

ಮೌಂಟ್ ಆಗಿದೆ, ಆದರೆ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ ಎಂಬುದು ಇನ್ನೊಂದು ದೂರು. ಮೇಜಿನ ಯಂತ್ರಕ್ಕೆ ಲಿನಕ್ಸನ್ನು ಹೊಸದಾಗಿ ಹಾಕಿಸಿದ ನಂತರ ಇದು ಬರುವುದು ಹೆಚ್ಚು. ಸಾಮಾನ್ಯ ಏರ್ಪಾಡಿನಲ್ಲಿ ಎನ್‌ಎಫ್‌ಎಸ್ ಬಳಕೆದಾರನನ್ನು ಹೆಸರಿನಿಂದ ಗುರುತಿಸದೆ ಸಂಖ್ಯೆಯಿಂದ ಗುರುತಿಸುತ್ತದೆ. ಹೊಲವನ್ನು ಊರವರು ಯಾವ ಹೆಸರಿನಿಂದ ಕರೆದರೂ ಕಚೇರಿಯಲ್ಲಿ ಸರ್ವೆ ನಂಬರೇ ಮುಖ್ಯವಾಗುವಂತೆ ಇದು. ಹಳೆಯ ಯಂತ್ರದಲ್ಲಿ ದಿವಾನಜಿಯವರ ಸಂಖ್ಯೆ 1001 ಇದ್ದು ಹೊಸದರಲ್ಲಿ 1000 ಆಗಿದ್ದರೆ, ಹೆಸರು ಅದೇ ಇದ್ದರೂ ಸರ್ವರ್ ಅವರನ್ನು ಪರಕೀಯರೆಂದು ತಿಳಿಯುತ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಮಾಡಿದರೆ ಸರಿಹೋಗುತ್ತದೆ. ಇದನ್ನು ಅರಿಯದ ಕೆಲವರು ಎಲ್ಲ ಕಡತಗಳನ್ನೂ ಎಲ್ಲರಿಗೂ ತೆರೆದು ಸುಲಭವಾಗಿ ಕೈ ತೊಳೆದುಕೊಳ್ಳುತ್ತಾರೆ. ಅದು ತಿಜೋರಿಯ ಬೀಗ ಕಳೆದಿದೆಯೆಂದು ಬಾಗಿಲನ್ನೇ ಕಿತ್ತಿಟ್ಟಂತೆ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ ಸಂದೇಶವೂ ಜನರನ್ನು ಹೆದರಿಸುತ್ತದೆ. ಸರ್ವರಿನ ಡಿಸ್ಕ್ ಬದಲಾಗಿ, ಬ್ಯಾಕಪ್ಪಿನಿಂದ ಫೋಲ್ಡರನ್ನು ಮರಳಿ ಹಾಕಿದಾಗ, ಮೇಜಿನ ಯಂತ್ರದ ಬಳಿ ಹಳೆಯ ಗೋದಾಮಿನ ಚೀಟಿ ಉಳಿದಿರುತ್ತದೆ. ಒಮ್ಮೆ ಯುಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಹೊಸ ಚೀಟಿ ಸಿಗುತ್ತದೆ. ಕಡತಕ್ಕೆ ಏನೂ ಆಗಿರುವುದಿಲ್ಲ.

ಕಾಯುವಿಕೆಯೂ ಒಂದು ಕೆಲಸ

ಸರ್ವರ್ ನಡುವೆ ನಿಂತಾಗ ಮೇಜಿನ ಯಂತ್ರ ಏನು ಮಾಡಬೇಕೆಂಬುದಕ್ಕೆ ಎರಡು ಪದ್ಧತಿಗಳಿವೆ. ‘ಹಾರ್ಡ್’ ಎಂಬುದರಲ್ಲಿ ಸರ್ವರ್ ಮರಳುವವರೆಗೂ ಕಾಯುತ್ತದೆ. ಮರಳಿದ ಕೂಡಲೇ ನಿಂತಲ್ಲಿಂದಲೇ ಮುಂದುವರಿಯುತ್ತದೆ. ‘ಸಾಫ್ಟ್’ ಎಂಬುದರಲ್ಲಿ ಕೆಲವು ಸಲ ಪ್ರಯತ್ನಿಸಿ ಕೈಬಿಡುತ್ತದೆ. ಪರದೆ ನಿಂತುಬಿಡುವುದಿಲ್ಲವೆಂದು ಎರಡನೆಯದನ್ನು ಮೆಚ್ಚುವವರಿದ್ದಾರೆ. ಆದರೆ ಅರ್ಧ ಬರೆದ ಖಾತೆ ಅರ್ಧಕ್ಕೇ ಉಳಿದು, ತಂತ್ರಾಂಶ ಅದನ್ನು ಗಮನಿಸದೆ ಹೋಗುವ ಅಪಾಯ ಅದರಲ್ಲಿದೆ. ಹಣದ ಲೆಕ್ಕಕ್ಕೆ ಹಾರ್ಡ್ ಪದ್ಧತಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ, ಇನ್ನೂ ಪ್ರಯತ್ನಿಸಲಾಗುತ್ತಿದೆ ಎಂಬ ಇಂಗ್ಲಿಷ್ ಸಂದೇಶ ಕಂಡರೆ ಮೇಜಿನ ಯಂತ್ರವನ್ನು ಆರಿಸದೆ ಸರ್ವರಿನ ಕಡೆ ನಡೆಯಬೇಕು. ಇಂತಹ ಹೊತ್ತಿನಲ್ಲಿ ಡಿಸ್ಕಿನ ಜಾಗ ತೋರಿಸುವ ‘ಡಿಎಫ್’ ಆದೇಶ ಕೊಟ್ಟರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ತಂತ್ರಜ್ಞರೂ ಮರೆಯುತ್ತಾರೆ.

ನಾಲ್ಕನೆಯ ಆವೃತ್ತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾರು ಯಾವ ಕಡತವನ್ನು ತೆರೆದಿದ್ದರು, ಯಾರು ಬೀಗ ಹಾಕಿದ್ದರು ಎಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳುತ್ತದೆ. ಸರ್ವರ್ ಆರಿ ಮತ್ತೆ ಚಾಲೂ ಆದಾಗ ಹಳಬರು ಬಂದು ತಮ್ಮ ಹಕ್ಕು ಹೇಳಿಕೊಳ್ಳಲಿ ಎಂದು ಅದು ಸ್ವಲ್ಪ ಕಾಲಾವಕಾಶ ಕೊಡುತ್ತದೆ. ಲಿನಕ್ಸಿನಲ್ಲಿ ಇದು ಸಾಮಾನ್ಯವಾಗಿ 90 ಸೆಕೆಂಡು. ಅಲ್ಲಿಯವರೆಗೆ ಹೊಸದಾಗಿ ಕಡತ ತೆರೆಯಲು ಬಂದವರು ಕಾಯಬೇಕು. ಸರ್ವರ್ ಬಂದಿದೆ, ಪಿಂಗ್ ಉತ್ತರಿಸುತ್ತಿದೆ, ಆದರೆ ಕಡತ ತೆರೆಯುತ್ತಿಲ್ಲ ಎಂದು ಸಿಟ್ಟಾಗಿ ಸರ್ವರನ್ನು ಮತ್ತೆ ಆರಿಸಿದರೆ ಆ 90 ಸೆಕೆಂಡುಗಳ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಹೀಗೆ ಮೂರು ನಾಲ್ಕು ಸಲ ಆರಿಸಿ ಹಾಕಿ ‘ಸರ್ವರ್ ಕೆಟ್ಟಿದೆ’ ಎಂದು ನಿರ್ಧರಿಸಿದವರನ್ನು ನಾನು ಬಲ್ಲೆ.

ಸರ್ವರೇ ಏಳದಿದ್ದರೆ

ಯಂತ್ರ ಎಲ್ಲಿ ನಿಂತಿತು ಎಂಬುದೇ ರೋಗದ ಗುರುತು. ಗುಂಡಿ ಒತ್ತಿದ ಮೇಲೆ ಮೊದಲು ಮದರ್‌ಬೋರ್ಡಿನ ಬಯೋಸ್ ಏಳುತ್ತದೆ, ಅದು ಡಿಸ್ಕಿನಲ್ಲಿರುವ ‘ಗ್ರಬ್’ ಎಂಬ ಚಿಕ್ಕ ತಂತ್ರಾಂಶವನ್ನು ಎಬ್ಬಿಸುತ್ತದೆ, ಗ್ರಬ್ ಲಿನಕ್ಸಿನ ಕರ್ನೆಲನ್ನು ತರುತ್ತದೆ, ಕರ್ನೆಲ್ ಉಳಿದ ಸೇವೆಗಳನ್ನು ಆರಂಭಿಸುವ ‘ಸಿಸ್ಟಂಡಿ’ಗೆ ಕೆಲಸ ಒಪ್ಪಿಸುತ್ತದೆ. ಬೂಟ್ ಮಾಡುವ ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಡಿಸ್ಕಿನ ಕೇಬಲ್ಲು ಸಡಿಲವಾಗಿರಬಹುದು, ಇಲ್ಲವೆ ಬಯೋಸಿನಲ್ಲಿ ಡಿಸ್ಕುಗಳ ಕ್ರಮ ಬದಲಾಗಿರಬಹುದು. ಎರಡನೆಯದಕ್ಕೆ ಬಹಳ ಸಲ ಕಾರಣ ಮದರ್‌ಬೋರ್ಡಿನ ಮೇಲಿನ ನಾಣ್ಯದಂತಹ ಸಿಆರ್ 2032 ಬ್ಯಾಟರಿ. ಅದು ಸತ್ತರೆ ಮೊದಲ ಸೂಚನೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುವುದು. ಬಿಲ್ಲಿನ ಮೇಲೆ ತಪ್ಪು ದಿನಾಂಕ ಬರುತ್ತದೆ, ತೆರಿಗೆಯ ಜಾಲತಾಣವೂ ಭದ್ರತಾ ದೋಷವೆಂದು ತೆರೆಯುವುದಿಲ್ಲ. ಕೆಲವೇ ಹತ್ತು ರೂಪಾಯಿಗಳ ಈ ಬಿಲ್ಲೆಗಾಗಿ ಇಡೀ ಯಂತ್ರವನ್ನು ರಿಪೇರಿಗೆ ಕಳಿಸಿದ ಉದಾಹರಣೆಗಳಿವೆ.

‘ಎಮರ್ಜೆನ್ಸಿ ಮೋಡ್’ ಎಂದು ಕಪ್ಪು ಪರದೆ ಬಂದರೆ, ಎಫ್‌ಎಸ್‌ಟ್ಯಾಬ್ ಪಟ್ಟಿಯಲ್ಲಿರುವ ಆ ಯಂತ್ರದ್ದೇ ಯಾವುದೋ ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ಬ್ಯಾಕಪ್ಪಿಗೆಂದು ಸಿಕ್ಕಿಸಿದ್ದ ಹೊರಗಿನ ಡಿಸ್ಕನ್ನು ಯಾರೋ ಮನೆಗೆ ಒಯ್ದಿರುತ್ತಾರೆ, ಅಷ್ಟೆ. ವಿದ್ಯುತ್ ದಿಢೀರನೆ ಹೋದ ನಂತರ ‘ಎಫ್‌ಎಸ್‌ಸಿಕೆ’ ಎಂಬ ಡಿಸ್ಕ್ ತಪಾಸಣೆ ತಾನಾಗಿ ನಡೆಯಬಹುದು. ದೊಡ್ಡ ಹಳೆಯ ಡಿಸ್ಕಿನಲ್ಲಿ ಇದಕ್ಕೆ ಅರ್ಧ ಗಂಟೆಯೂ ಹಿಡಿದೀತು. ನಡುವೆ ಗುಂಡಿ ಒತ್ತಿ ಆರಿಸುವುದು ಶಸ್ತ್ರಚಿಕಿತ್ಸೆ ನಡೆದಿರುವಾಗ ರೋಗಿಯನ್ನು ಎಬ್ಬಿಸಿದಂತೆ. ಲೋಕಾಪುರದ ಆ ರಾತ್ರಿ ಸರ್ವರ್ ಇದೇ ತಪಾಸಣೆಯಲ್ಲಿತ್ತು. ಚುರುಕಾದ ಕಾಟಾದ ಯಂತ್ರ ಅದಕ್ಕಿಂತ ಮೊದಲೇ ಎದ್ದು ಕುಳಿತಿತ್ತು.

ಅನಂತರ ಮಾಡಿದ ಏರ್ಪಾಡು

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಪೈಸೆಯ ಖರ್ಚೂ ಇಲ್ಲದ ಬದಲಾವಣೆ. ವಿದ್ಯುತ್ ಮರಳಿದಾಗ ಯಂತ್ರ ತಾನಾಗಿ ಚಾಲೂ ಆಗಬೇಕೇ ಬೇಡವೇ ಎಂಬುದನ್ನು ಬಯೋಸಿನಲ್ಲಿ ನಿಗದಿಪಡಿಸಬಹುದು. ಸರ್ವರಿಗೆ ‘ಆಗಬೇಕು’ ಎಂದೂ, ಕಾಟಾ ಹಾಗೂ ಕಚೇರಿಯ ಯಂತ್ರಗಳಿಗೆ ‘ಬೇಡ’ ಎಂದೂ ಇಟ್ಟೆವು. ಈಗ ಸ್ವಿಚ್ ಪೆಟ್ಟಿಗೆಗೂ ಯುಪಿಎಸ್ ಇದೆ, ಬ್ಯಾಟರಿ ಹೊಸದು.

ಎರಡನೆಯದಾಗಿ, ಹೊದಿಕೆಯ ಕೆಳಗಿನ ಖಾಲಿ ಫೋಲ್ಡರಿನಲ್ಲಿ ಯಾರೂ ಏನನ್ನೂ ಬರೆಯಲಾಗದಂತೆ ಬೀಗ ಹಾಕಿದೆವು. ಮೌಂಟ್ ಆಗದಿರುವಾಗ ‘ಸಿಎಚ್‌ಆಟರ್’ ಆದೇಶದಿಂದ ಆ ಫೋಲ್ಡರಿಗೆ ಬದಲಾಯಿಸಲಾಗದ ಗುರುತು ಹಾಕಿದರೆ ಸಾಕು. ಮೌಂಟ್ ಆದಾಗ ಇದರಿಂದ ಯಾವ ಅಡ್ಡಿಯೂ ಇಲ್ಲ. ಆಗದಿದ್ದಾಗ ಬಿಲ್ಲಿನ ತಂತ್ರಾಂಶ ಕಡತ ಸೃಷ್ಟಿಸಲಾಗದೆ ದೋಷ ತೋರಿಸಿ ನಿಲ್ಲುತ್ತದೆ. ಇದರ ಜೊತೆಗೆ, ತಂತ್ರಾಂಶ ತೆರೆಯುವ ಮುನ್ನ ಫೋಲ್ಡರ್ ಮೌಂಟ್ ಆಗಿದೆಯೇ ಎಂದು ‘ಮೌಂಟ್‌ಪಾಯಿಂಟ್’ ಆದೇಶ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ‘ಸರ್ವರ್ ಬಂದಿಲ್ಲ, ದಿವಾನಜಿಯವರಿಗೆ ತಿಳಿಸಿ’ ಎಂದು ಕನ್ನಡದಲ್ಲಿಯೇ ಸಂದೇಶ ಬರುತ್ತದೆ. ನೋಫೇಲ್ ಪದ ಉಳಿದಿದೆ, ಆದರೆ ಅದರ ಪಕ್ಕದಲ್ಲಿ ಸಿಸ್ಟಂಡಿಯ ‘ಆಟೋಮೌಂಟ್’ ಸೇರಿದೆ. ಫೋಲ್ಡರನ್ನು ಯಾರಾದರೂ ಮುಟ್ಟಿದಾಗ ಮಾತ್ರ ಮೌಂಟ್ ಮಾಡಲು ಅದು ಪ್ರಯತ್ನಿಸುತ್ತದೆ. ಸರ್ವರ್ ತಡವಾಗಿ ಬಂದರೂ ಯಂತ್ರವನ್ನು ಮರಳಿ ಚಾಲೂ ಮಾಡಬೇಕಾಗಿಲ್ಲ. ಸದಸ್ಯರು ಈ ಪದಗಳನ್ನು ತಮ್ಮ ತಂತ್ರಜ್ಞರಿಗೆ ತೋರಿಸಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಬ್ಯಾಕಪ್ಪಿನಲ್ಲಿಯೂ ಇದೇ ಮೋಸ ಇದೆ ಎಂಬುದನ್ನು ಆ ನೆಪದಲ್ಲಿ ಪರೀಕ್ಷಿಸಿದಾಗ ಕಂಡೆವು. ಹೊರಗಿನ ಡಿಸ್ಕ್ ಸಿಕ್ಕಿಸದ ರಾತ್ರಿಗಳಲ್ಲಿ ಬ್ಯಾಕಪ್ ಸರ್ವರಿನ ಒಳಡಿಸ್ಕಿನ ಖಾಲಿ ಫೋಲ್ಡರಿಗೇ ಇಳಿಯುತ್ತಿತ್ತು. ಅಂದರೆ ಬ್ಯಾಕಪ್ ಆಗುತ್ತಿದೆ ಎಂಬ ಸಮಾಧಾನವೂ ಸುಳ್ಳು, ಒಳಡಿಸ್ಕ್ ತುಂಬಿ ಸರ್ವರ್ ನಿಲ್ಲುವ ಭಯವೂ ಸೇರಿದಂತೆ. ಆ ಫೋಲ್ಡರಿಗೂ ಬೀಗ ಬಿತ್ತು. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ದಿನದ ಬಿಲ್ಲುಗಳನ್ನು ತೆರೆದು ಕಾಗದದ ಪ್ರತಿಯೊಡನೆ ದಿವಾನಜಿಯವರು ತಾಳೆ ನೋಡುತ್ತಾರೆ.

ಮೂವತ್ತೇಳು ಬಿಲ್ಲುಗಳಿಗೆ ಲೆಕ್ಕ ಪರಿಶೋಧಕರ ಸಲಹೆಯಂತೆ ಮುಂದಿನ ಅನುಕ್ರಮ ಸಂಖ್ಯೆಗಳನ್ನು ಕೊಟ್ಟು ಹೊಸದಾಗಿ ಮುದ್ರಿಸಲಾಯಿತು. ಕಾಟಾದ ಹುಡುಗನೇ ಬೈಕಿನ ಮೇಲೆ ಹೋಗಿ ಹಳೆಯವನ್ನು ಹಿಂದೆ ಪಡೆದು ಹೊಸವನ್ನು ಕೊಟ್ಟು ಬಂದ. ಮೂವತ್ತನಾಲ್ಕು ಮರಳಿ ಬಂದವು. ಉಳಿದ ಮೂವರು ಹಳೆಯ ಬಿಲ್ಲು ಕಳೆದುಹೋಗಿದೆ ಎಂದರು. ಅವರಿಂದ ಬರಹದಲ್ಲಿ ಹಾಗೆಂದು ಪಡೆದು ಕಡತಕ್ಕೆ ಸೇರಿಸಲಾಗಿದೆ. ದಿವಾನಜಿಯವರು ಆ ಮೂರು ಕಾಗದಗಳನ್ನು ಸರ್ವರಿನಲ್ಲಿ ಇಡದೆ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದಾರೆ.